ಏಳನೇ ಓಬವ್ವ

ಹೋದ ನವೆಂಬರ್ 11ಕ್ಕೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ದುರ್ಗದಲ್ಲಿ ಮೇಷ್ಟ್ರಾಗಿ ರಿಟೈರಾದವನಿಗೆ ಈ ಶಿಕ್ಷೆ ತಪ್ಪಿದ್ದಲ್ಲ. ಓಬವ್ವ ಜಯಂತಿ ಪ್ರಯುಕ್ತ ಸಮೂಹ ನೃತ್ಯ ಸ್ಪರ್ಧೆ. ಏಳು ಶಾಲೆ, ಏಳು ತಂಡ. ಕೈಗೊಂದು ಅಂಕಪಟ್ಟಿ ಕೊಟ್ಟರು: ಅಭಿನಯ, ವೇಷಭೂಷಣ, ಹಾಡಿನ ಆಯ್ಕೆ, ಹೊಸತನ. ತಲಾ 10 ಅಂಕ.

ಮೊದಲ ತಂಡ ಬಂತು. ‘ಕನ್ನಡ ನಾಡಿನ ವೀರ ರಮಣಿಯ’ ಶುರುವಾಯಿತು. ಸಂತೋಷವಾಯಿತು. ಎರಡನೇ ತಂಡ ಬಂತು. ಅದೇ ಹಾಡು. ಮೂರನೆಯದೂ ಅದೇ ಆದಾಗ ಪಕ್ಕದಲ್ಲಿದ್ದ ಇನ್ನೊಬ್ಬ ತೀರ್ಪುಗಾರರ ಕಡೆ ತಿರುಗಿದೆ. ಆ ಮೇಡಂ ‘ಹೊಸತನ’ದ ಕಾಲಮ್ಮಿಗೆ ಪೆನ್ನು ಊರಿ ಹಾಗೇ ಕೂತುಬಿಟ್ಟಿದ್ದರು.

ನನಗೂ ಈ ಹಾಡಿಗೂ ಹಳೇ ಸಂಬಂಧ. 1972ರಲ್ಲಿ ‘ನಾಗರಹಾವು’ ಬಂದಾಗ ನಾನು ನಾಲ್ಕನೇ ಕ್ಲಾಸು. ರೇಡಿಯೋ ಇಟ್ಟುಕೊಳ್ಳುವುದಕ್ಕೂ ಪೋಸ್ಟಾಫೀಸಿನಲ್ಲಿ ದುಡ್ಡು ಕಟ್ಟಿ ಲೈಸೆನ್ಸು ತಗೊಳ್ಳಬೇಕಿದ್ದ ಕಾಲ. ನಮ್ಮ ಮನೆಯಲ್ಲಿ ಎರಡೂ ಇರಲಿಲ್ಲ. ಹಾಗಾಗಿ ವಿಜಯಭಾಸ್ಕರ್ ಸಂಗೀತ ನಮ್ಮ ಕಿವಿಗೆ ಬಿದ್ದದ್ದು ಮದುವೆ ಮನೆಗಳ ಮೈಕ್‌ಸೆಟ್ಟಿನಿಂದ. ನಮ್ಮ ಓಣಿಯ ಮೈಕ್‌ಸೆಟ್ಟಿನವನ ಹತ್ತಿರ ಈ ಹಾಡಿನ ಪ್ಲೇಟಿತ್ತು, ಪ್ಲೇಟಿಗೊಂದು ಗೀರೂ ಇತ್ತು. ಪಿ.ಬಿ. ಶ್ರೀನಿವಾಸ್ ‘ವೀರ’ ಅನ್ನುವಲ್ಲಿ ಮುಳ್ಳು ಸಿಕ್ಕಿಕೊಳ್ಳುತ್ತಿತ್ತು. ಬೇವಿನ ಮರದ ಮೇಲಿನ ಹಾರ್ನು ‘ವೀರ, ವೀರ, ವೀರ’ ಅಂತ ಹಲುಬುತ್ತಿರುವಾಗ ಅವನು ಪಂಕ್ತಿಯಿಂದ ಎದ್ದು, ಎಂಜಲುಗೈ ಮೇಲೆತ್ತಿಕೊಂಡು ಓಡಿಬರುತ್ತಿದ್ದ. ಎಡಗೈಯಲ್ಲಿ ಮುಳ್ಳಿನ ತಲೆ ಮೇಲೆ ಹತ್ತು ಪೈಸೆ ಇಡುತ್ತಿದ್ದ. ಹಾಡು ಮುಂದಕ್ಕೆ ಹೋಗುತ್ತಿತ್ತು.

ಈಗ ಎಷ್ಟು ಅನುದಾನ ಇಟ್ಟರೂ ಮುಂದಕ್ಕೆ ಹೋಗುತ್ತಿಲ್ಲ.

ಆ ಹಾಡನ್ನು ಕ್ಲಾಸಿನಲ್ಲಿ ಗುನುಗಿದ್ದಕ್ಕೆ ನಮ್ಮ ಮೇಷ್ಟ್ರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ‘ಸಿನಿಮಾ ಹಾಡು ಕಲ್ತು ಹಾಳಾಗಿ ಹೋಗ್ತೀಯ’ ಅಂದಿದ್ದರು. ಅವರು ಹೇಳಿದಂತೆಯೇ ಆಗಿದೆ, ಅದೇ ಹಾಡಿಗೆ ಅಂಕ ಹಾಕುತ್ತಾ ಕೂತಿದ್ದೇನೆ.

ಹಾಡಿನ ಮೇಲೆ ನನಗೆ ಕೋಪವಿಲ್ಲ. ಚಿ. ಉದಯಶಂಕರ್ ಕೆಲವೇ ನಿಮಿಷದಲ್ಲಿ ಒಂದು ಕಥೆ ಹೇಳಿ ಮುಗಿಸಿದರು. ನಾವು ಐವತ್ತು ವರ್ಷವಾದರೂ ಮುಗಿಸಿಲ್ಲ. ಆ ದಶಕದಲ್ಲಿ ಬೇರೆ ಹಾಡು ಇರಲೇ ಇಲ್ಲವೇನೋ ಅನ್ನಿಸುವಷ್ಟು ಇದೊಂದನ್ನೇ ಕುಟ್ಟುತ್ತಿದ್ದೇವೆ. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ರಾಜ್‌ಕುಮಾರ್ ಎಮ್ಮೆ ಮೇಲೆ ಕೂತು ‘ಯಾರೇ ಕೂಗಾಡಲಿ’ ಹಾಡಲಿಲ್ಲವೇ? ಅಲ್ಲಿಂದಾಚೆಗೆ ತಮ್ಮ ಹಾಡುಗಳನ್ನು ತಾವೇ ಹಾಡುವುದು ಅವರಿಗೆ ರೂಢಿಯಾಯಿತು. ಸರ್ಕಾರಿ ಸಮಾರಂಭದಲ್ಲಿ ನಾಡಗೀತೆ ಮುಗಿಯುತ್ತಲೇ ಹಾಕಲು ಅದಕ್ಕಿಂತ ಹೊಂದುವ ಹಾಡು ಇನ್ನೊಂದಿಲ್ಲ. ಪಿಂಚಣಿ ಫೈಲಿನ ಹಿಂದೆ ಆರು ತಿಂಗಳು ಓಡಾಡಿದವನು ಹೇಳುತ್ತಿದ್ದೇನೆ, ನಂಬಿ.

ಸ್ಪರ್ಧೆಗೆ ಬರೋಣ. ಒನಕೆಗಳದ್ದೇ ಒಂದು ವಸ್ತುಪ್ರದರ್ಶನ. ಮಿಕ್ಸಿ ಕಾಲದ ಮಕ್ಕಳು, ಪಾಪ, ಒನಕೆಯನ್ನು ಎಲ್ಲಿಂದ ತರಬೇಕು? ನಾಲ್ಕು ತಂಡದವರು ಪಿವಿಸಿ ಪೈಪಿಗೆ ಬ್ರೌನ್ ಪೇಪರ್ ಸುತ್ತಿದ್ದರು. ಒಬ್ಬಳ ಒನಕೆ ಬಿಚ್ಚಿಕೊಂಡು ಒಳಗಿನಿಂದ ಕ್ರಿಕೆಟ್ ವಿಕೆಟ್ಟು ಇಣುಕಿತು. ಐದನೇ ತಂಡದ ಹುಡುಗಿ ಮಾತ್ರ ಅಜ್ಜಿ ಮನೆಯ ನಿಜವಾದ ಒನಕೆ ತಂದಿದ್ದಳು. ಎತ್ತಲಾಗದೆ ವೇದಿಕೆ ಮೇಲೆ ದರದರ ಎಳೆದುಕೊಂಡೇ ಬಂದಳು. ಹೈದರಾಲಿಯ ಸೈನಿಕರು ಹೊಡೆತಕ್ಕೆ ಮುಂಚೆಯೇ ಸತ್ತು ಬಿದ್ದರು. ಅಷ್ಟು ಸಹಜ ಅಭಿನಯ ನಾನು ಆ ಇಡೀ ದಿನ ನೋಡಲಿಲ್ಲ.

ನಡುವೆ ಮುಖ್ಯ ಅತಿಥಿಗಳು ಮಕ್ಕಳ ಜ್ಞಾನ ಪರೀಕ್ಷೆಗಿಳಿದರು.

‘ಓಬವ್ವ ಅಂದ್ರೆ ಯಾರು ಹೇಳ್ರೋ?’

ಮುಂದಿನ ಸಾಲಿನ ಹುಡುಗ ಚಂಗನೆ ಎದ್ದ. ‘ಜಯಂತಿ, ಸಾರ್!’

ಅವನು ಹೇಳಿದ್ದು ಸಿನಿಮಾದಲ್ಲಿ ಓಬವ್ವನ ಪಾತ್ರ ಮಾಡಿದ ನಟಿಯನ್ನೋ, 2021ರಿಂದ ನಡೆಯುತ್ತಿರುವ ಸರ್ಕಾರಿ ಆಚರಣೆಯನ್ನೋ ತಿಳಿಯಲಿಲ್ಲ. ಎರಡಾದರೂ ಉತ್ತರ ಸರಿಯೇ. ಅತಿಥಿಗಳು ಚಪ್ಪಾಳೆ ತಟ್ಟಿದರು, ನಾವೂ ತಟ್ಟಿದೆವು. ನಂತರ ಅವರು ಕೋಟೆಯ ಇತಿಹಾಸದ ಮೇಲೆ ನಲವತ್ತು ನಿಮಿಷ ಮಾತಾಡಿದರು. ಒಟ್ಟು ಸಾರಾಂಶ, ಆ ಹಾಡಿನ ಸಾಹಿತ್ಯ, ರಾಗ ಬಿಟ್ಟು. 1779ರಲ್ಲಿ ಕೋಟೆ ಹೈದರನ ಕೈಗೆ ಹೋಗೇ ಹೋಯಿತು ಅನ್ನುವ ಮಾತು ಬರಲಿಲ್ಲ. ಅದನ್ನು ಯಾವ ಶಾಲೆಯವರೂ ಕುಣಿಯುವುದಿಲ್ಲ. ಅದಕ್ಕೆ ಟ್ರ್ಯಾಕ್ ಇಲ್ಲ.

ಇಷ್ಟರಲ್ಲಿ ನನ್ನ ಕಣ್ಣು ಓಬವ್ವನನ್ನು ಬಿಟ್ಟು ಅವಳ ಗಂಡನ ಮೇಲೆ ನೆಟ್ಟಿತ್ತು. ಕಥೆಯಲ್ಲಿ ಕಾವಲುಗಾರ ಊಟಕ್ಕೆ ಕೂತಿರುತ್ತಾನೆ, ಹೆಂಡತಿ ನೀರು ತರಲು ಹೋಗುತ್ತಾಳೆ, ಕಿಂಡಿಯಲ್ಲಿ ನುಸುಳುವ ಶತ್ರುಗಳನ್ನು ನೋಡುತ್ತಾಳೆ. ಅಂದರೆ ಹೆಣದ ಮೇಲೆ ಹೆಣ ಉರುಳುವಷ್ಟು ಹೊತ್ತೂ ಈ ಪುಣ್ಯಾತ್ಮ ಊಟ ಮಾಡುತ್ತಲೇ ಇರಬೇಕು. ಏಳು ತಂಡಕ್ಕೆ ಏಳು ಗಂಡಂದಿರು. ಏಳು ಸ್ಟೀಲ್ ತಟ್ಟೆ, ಏಳರಲ್ಲೂ ಮಂಡಕ್ಕಿ. ಆರು ಜನ ಬರೀ ಬಾಯಿ ಆಡಿಸಿದರು. ಏಳನೆಯವನು, ಗುಂಡುಗುಂಡಗಿದ್ದ, ಮಧ್ಯಾಹ್ನದ ಊಟ ಇನ್ನೂ ಆಗಿರಲಿಲ್ಲ ಅಂತ ಕಾಣುತ್ತೆ, ನಿಜವಾಗಿ ತಿನ್ನತೊಡಗಿದ. ನೆಲಕ್ಕೆ ಬಿದ್ದ ಕಾಳನ್ನೂ ಬಿಡಲಿಲ್ಲ.

ಓಬವ್ವ ಒನಕೆ ಎತ್ತಿದಳು. ಅಷ್ಟೊತ್ತಿಗೆ ಕರೆಂಟು ಹೋಯಿತು.

ಹಾಡು ನಿಂತಿತು. ಎತ್ತಿದ ಪೈಪು ಎತ್ತಿದಂತೆಯೇ ಇತ್ತು. ಥರ್ಮಾಕೋಲ್ ಕಿಂಡಿಯಲ್ಲಿ ಒಬ್ಬ ಸೈನಿಕ ಸೊಂಟದವರೆಗೆ ಈಚೆ, ಮಿಕ್ಕಿದ್ದು ಆಚೆ. ಸತ್ತವರು ತಲೆ ಎತ್ತಿ ಮಿಸ್ ಮುಖ ನೋಡಿದರು. ಕತ್ತಲಲ್ಲಿ ಮಂಡಕ್ಕಿ ಅಗಿಯುವ ಸದ್ದೊಂದು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು. ಹತ್ತು ನಿಮಿಷಕ್ಕೆ ಕರೆಂಟು ಬಂತು, ನಿರೂಪಕರು ಮೈಕಿಗೆ ಬಾಯಿಟ್ಟರು.

‘ತೊಂದರೆ ಇಲ್ಲ ಮಕ್ಕಳೇ, ಮೊದಲಿಂದ ಹಾಕ್ತೀವಿ!’

ಎಂಟನೇ ಸಲ ‘ಕನ್ನಡ ನಾಡಿನ’ ಅಂತ ಶುರುವಾಗುವ ಮೊದಲು ಗಂಡ ಎದ್ದು ನಿಂತು ತಟ್ಟೆಯನ್ನು ಬೋರಲು ಹಿಡಿದು ತೋರಿಸಿದ.

‘ಮಿಸ್, ಊಟ ಆಯ್ತು.’