ಟೈಮ್‌ಔಟ್ ಆದರೆ ಮತ್ತೆ ಕಳಿಸಿ ಅಂತ ದಯವಿಟ್ಟು ಹೇಳಬೇಡಿ

ಹೊಟ್ಟೆ ಉರಿಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಬೆಂಗಳೂರಿನ ಪುಟ್ಟ ಕಂಪನಿ. ಮನೆಯಲ್ಲೇ ಹಪ್ಪಳ, ಚಟ್ನಿಪುಡಿ, ಉಪ್ಪಿನಕಾಯಿ ಮಾಡುವ ಹೆಂಗಸರಿಂದ ಕೊಂಡು ಮಾರುತ್ತೇವೆ. ಪ್ರತಿ ಶನಿವಾರ ಅವರ ಖಾತೆಗೆ ದುಡ್ಡು ಹಾಕಬೇಕು. ಅದಕ್ಕೊಂದು ಕಂಪನಿಯ ಪೇಔಟ್ ಎಪಿಐ ಬಳಸುತ್ತೇವೆ, ಅಂದರೆ 'ಇವರ ಖಾತೆಗೆ ಇಷ್ಟು ಹಾಕಿ' ಅಂತ ನಮ್ಮ ಕೋಡ್ ಅವರ ಸರ್ವರ್‌ಗೆ ಹೇಳುವ ದಾರಿ. ಕೋಡ್ ಬರೆದವನು ನಾನೇ.

ಕಳೆದ ಶನಿವಾರ 46 ಪಾವತಿಗಳಲ್ಲಿ 9ಕ್ಕೆ ಉತ್ತರವೇ ಬರಲಿಲ್ಲ. 30 ಸೆಕೆಂಡ್ ಕಾದು ಟೈಮ್‌ಔಟ್, ಅಂದರೆ ನಮ್ಮ ಕೋಡ್ ಕಾಯುವುದನ್ನು ಬಿಟ್ಟಿತು. ಅವರ ಡಾಕ್ಯುಮೆಂಟೇಶನ್‌ನಲ್ಲಿ ಸ್ಪಷ್ಟವಾಗಿ ಬರೆದಿದೆ: ಟೈಮ್‌ಔಟ್ ಆದರೆ ಮತ್ತೆ ಕಳಿಸಿ. ಕಳಿಸಿದೆವು. 9 ಜನರಿಗೂ ಎರಡೆರಡು ಸಲ ದುಡ್ಡು ಹೋಯಿತು. ಹೋಗಿದ್ದು ಐಎಂಪಿಎಸ್‌ನಲ್ಲಿ, ಅಂದರೆ ತಕ್ಷಣ ಖಾತೆಗೆ ಬೀಳುವ ಬ್ಯಾಂಕ್ ವರ್ಗಾವಣೆಯಲ್ಲಿ. ಖಾತೆಗೆ ಬಿದ್ದ ಮೇಲೆ ನಾವಾಗಿ ವಾಪಸ್ ಎಳೆದುಕೊಳ್ಳಲು ಆಗುವುದಿಲ್ಲ, ಅವರನ್ನೇ ಕೇಳಬೇಕು.

ಕೇಳಿದೆ. ಶಿರಸಿ ಕಡೆಯ ಒಬ್ಬರು, ಹಲಸಿನ ಹಪ್ಪಳ ಕಳಿಸುತ್ತಾರೆ. "ಅಕ್ಕಾ, 4,200 ರೂಪಾಯಿ ಎರಡು ಸಲ ಬಂದಿದೆ" ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಯ್ಯೋ ತಮ್ಮಾ, ಹಬ್ಬಕ್ಕೆ ಜಾಸ್ತಿ ಹಾಕಿದ್ದೀರಿ ಅಂದ್ಕೊಂಡೆ. ಸೊಸೈಟಿ ಸಾಲಕ್ಕೆ ಕಟ್ಟಿಬಿಟ್ಟೆನಲ್ಲ" ಅಂದರು. ಅವರ ದನಿಯಲ್ಲಿ ನಾಚಿಕೆ ಇತ್ತು. ತಪ್ಪು ಮಾಡಿದವರ ಹಾಗೆ ಮಾತಾಡಿದರು. ಅವರು ಯಾಕೆ ನಾಚಬೇಕು?

ನಿಜಕ್ಕೂ ಸಿಟ್ಟು ಬಂದಿದ್ದು ಆಮೇಲೆ. ಪ್ರತಿ ಪಾವತಿಗೂ ನಾವು ಒಂದು ರೆಫರೆನ್ಸ್ ಐಡಿ ಕಳಿಸುತ್ತೇವೆ. ಎರಡನೇ ಸಲವೂ ಅದೇ ಐಡಿ, ಅದೇ ಖಾತೆ, ಅದೇ ಮೊತ್ತ. ಆದರೂ ಎರಡನ್ನೂ ಒಪ್ಪಿಕೊಂಡಿದ್ದಾರೆ! ಸಪೋರ್ಟ್‌ನವರನ್ನು ಕೇಳಿದರೆ, "ಅದು ನಿಮ್ಮ ಲೆಕ್ಕಕ್ಕೆ ಮಾತ್ರ ಸರ್, ನಾವು ಚೆಕ್ ಮಾಡುವುದಿಲ್ಲ" ಅಂದರು. ಹೋಗಲಿ, ಮೊದಲನೆಯದು ಹೋಯಿತೋ ಇಲ್ಲವೋ ಕೇಳಿ ನೋಡೋಣ ಅಂದರೆ, ಸ್ಟೇಟಸ್ ಕೇಳಲು ಅವರು ಕೊಟ್ಟ ಪೇಔಟ್ ಐಡಿಯೇ ಬೇಕಂತೆ. ಆ ಐಡಿ ಬರುವುದು ಉತ್ತರದಲ್ಲಿ. ಉತ್ತರವೇ ಬರದಿದ್ದಾಗ ಐಡಿ ಎಲ್ಲಿಂದ ತರಲಿ? ವೆಬ್‌ಹುಕ್ (ಪಾವತಿ ಏನಾಯಿತು ಅಂತ ಅವರ ಸರ್ವರ್ ತಾನಾಗಿ ನಮಗೆ ಕಳಿಸುವ ಸುದ್ದಿ) ಬಂತು, 40 ನಿಮಿಷ ಕಳೆದ ಮೇಲೆ. ಅದೂ ಒಂದೊಂದು ಎರಡು ಸಲ.

ಟೈಮ್‌ಔಟ್ ಅಂದರೆ 'ಆಗಲಿಲ್ಲ' ಅಂತ ಅಲ್ಲ, 'ಗೊತ್ತಿಲ್ಲ' ಅಂತ. ಇದೇನು ಹೊಸ ವಿದ್ಯೆ ಅಲ್ಲ. ಗೆಟ್, ಪುಟ್, ಪೋಸ್ಟ್ ಅಂದರೆ ಸರ್ವರ್‌ಗೆ ಕಳಿಸುವ ಕೋರಿಕೆಯ ಬಗೆಗಳು. ಗೆಟ್, ಪುಟ್ ಎಷ್ಟು ಸಲ ಕಳಿಸಿದರೂ ಪರಿಣಾಮ ಒಂದೇ, ಪೋಸ್ಟ್‌ಗೆ ಆ ಭರವಸೆ ಇಲ್ಲ ಅನ್ನುವುದು ವೆಬ್‌ನ ಮಾತುಕತೆಯ ನಿಯಮವಾದ ಎಚ್‌ಟಿಟಿಪಿಯ 1999ರ ಸ್ಟ್ಯಾಂಡರ್ಡ್‌ನಲ್ಲೇ ಇದೆ. ಅದಕ್ಕೇ ಸ್ಟ್ರೈಪ್‌ನಂಥ ಪಾವತಿ ಕಂಪನಿಯವರು ಐಡೆಂಪೊಟೆನ್ಸಿ ಕೀ ಅನ್ನುವ ಗುರುತು ಇಟ್ಟಿದ್ದಾರೆ. ಅದೇ ಕೀ ಜೊತೆ ಅದೇ ಕೋರಿಕೆ ಮತ್ತೆ ಬಂದರೆ ಹೊಸ ಪಾವತಿ ಮಾಡುವುದಿಲ್ಲ, ಹಳೆಯ ಉತ್ತರವನ್ನೇ ಕೊಡುತ್ತಾರೆ. ದುಡ್ಡು ಸಾಗಿಸುವ ಎಪಿಐಗೆ ಇದು ಇರಲೇಬೇಕು. ಅದಿಲ್ಲದೆ 'ಮತ್ತೆ ಕಳಿಸಿ' ಅಂತ ಬರೆಯುವುದು ಬೇಜವಾಬ್ದಾರಿ.

ನನ್ನ ತಪ್ಪೂ ಇದೆ. ಅವರ ಟೆಸ್ಟ್ ಸರ್ವರ್ ಯಾವಾಗಲೂ ಥಟ್ಟನೆ 'ಯಶಸ್ವಿ' ಅನ್ನುತ್ತಿತ್ತು. ಉತ್ತರ ಬರದಿದ್ದರೆ ಏನಾಗುತ್ತೆ ಅಂತ ನಾನೇ ಕನೆಕ್ಷನ್ ಕಡಿದು ನೋಡಬೇಕಿತ್ತು. ನೋಡಲಿಲ್ಲ.

ಈಗ ಕೋಡ್ ಬದಲಾಯಿಸಿದ್ದೇನೆ. ಎಪಿಐಗೆ ಕೋರಿಕೆ ಕಳಿಸುವ ಮೊದಲೇ ಪಾವತಿಯನ್ನು ನಮ್ಮ ಡೇಟಾಬೇಸ್‌ನಲ್ಲಿ ಬರೆದಿಡುತ್ತೇವೆ. ಉತ್ತರ ಬರದಿದ್ದರೆ 'ಗೊತ್ತಿಲ್ಲ' ಅಂತ ಗುರುತು. ಅದನ್ನು ಕೋಡ್ ತಾನಾಗಿ ಮತ್ತೆ ಕಳಿಸುವುದಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡಿ, ಹೋಗಿಲ್ಲ ಅಂತ ಖಾತ್ರಿಯಾದ ಮೇಲೆ ಮನುಷ್ಯರೇ ಒತ್ತಬೇಕು. ವೆಬ್‌ಹುಕ್ ಎಷ್ಟು ಸಲ ಬಂದರೂ ಒಂದೇ ಸಲ ಲೆಕ್ಕಕ್ಕೆ.

ನನ್ನ ದೂರನ್ನು ಅವರು 'ಬಗೆಹರಿದಿದೆ' ಅಂತ ಮುಚ್ಚಿದ್ದಾರೆ. ಡಾಕ್ಯುಮೆಂಟೇಶನ್‌ನಲ್ಲಿ ಆ ಸಾಲು ಇವತ್ತಿಗೂ ಹಾಗೇ ಇದೆ. ಆ ಅಕ್ಕ ಮುಂದಿನ ನಾಲ್ಕು ವಾರದ ಹಪ್ಪಳದಲ್ಲಿ ಸ್ವಲ್ಪ ಸ್ವಲ್ಪ ಹಿಡಿದುಕೊಳ್ಳಿ ಅಂದಿದ್ದಾರೆ.