ಬೋರ್ ಎಷ್ಟಡಿ ಹೋಯ್ತು?

ಹೋದ ವಾರ ಮುಳಬಾಗಿಲ ಕಡೆಯ ನಮ್ಮ ಹಳ್ಳಿಯಿಂದ ತಮ್ಮ ಫೋನ್ ಮಾಡಿದ್ದ. "ಅಣ್ಣಾ, 1,350 ಅಡಿಗೆ ಎರಡಿಂಚು ನೀರು ಬಿತ್ತು. ಪಕ್ಕದ ತೋಟದ ಮಾವನಿಗೆ 900 ಅಂದಿದ್ದೀನಿ. ನಿನ್ನನ್ನೂ ಕೇಳ್ತಾರೆ, ಅಷ್ಟೇ ಹೇಳು. ನಿಜ ಗೊತ್ತಾದ್ರೆ ಅವರು 1,500ಕ್ಕೆ ಇಳಿಸ್ತಾರೆ."

ಖುಷಿ ಪಡಬೇಕಿತ್ತು. ಯಾಕೋ ಚುಚ್ಚಿತು.

ನಾನಿರುವುದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ಊರು ದಾಟಿ ರೈನ್ ನದಿ ಜರ್ಮನಿಗೆ ಕಾಲಿಟ್ಟ ಕೂಡಲೇ, ವೈಲ್ ಆಮ್ ರೈನ್‌ನಲ್ಲಿ ನೀರು ಪರೀಕ್ಷಿಸುವ ಕೇಂದ್ರವಿದೆ. ನೆಲ ಜರ್ಮನಿಯದು, ನಡೆಸುವವರು ಬಾಸೆಲ್‌ನವರು, ಖರ್ಚು ಎರಡೂ ಕಡೆಯದು. ನೀರಲ್ಲಿ ಬೇಡದ್ದೇನಾದರೂ ಜಾಸ್ತಿ ಕಂಡರೆ ನೆದರ್ಲೆಂಡ್‌ವರೆಗೂ ಸುದ್ದಿ ಹೋಗುತ್ತದೆ. ಆ ನೀರನ್ನು ಶುದ್ಧ ಮಾಡಿ ಕುಡಿಯುವವರು ಅಲ್ಲಿದ್ದಾರಲ್ಲ! ರೈನ್ ದಡದ ದೇಶಗಳ ಜಂಟಿ ಆಯೋಗ 1950ರಿಂದಲೇ ಇದೆ. ಯುದ್ಧ ಮುಗಿದು ಐದೇ ವರ್ಷಕ್ಕೆ, ಒಬ್ಬರ ಮೇಲೊಬ್ಬರು ಬಾಂಬು ಹಾಕಿದ್ದವರು ಒಂದೇ ಮೇಜಿಗೆ ಕೂತರು.

ನಮ್ಮ ಪಾಲಾರ್ ಹರಿಯುವುದು ಮೂರೇ ರಾಜ್ಯಗಳಲ್ಲಿ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ, ಬೇತಮಂಗಲ ಕೆರೆ ತುಂಬಿಸಿ, ಆಂಧ್ರ ದಾಟಿ ತಮಿಳುನಾಡಿಗೆ. ಮಳೆ ಬಂದರೆ ನದಿ, ಇಲ್ಲದಿದ್ದರೆ ಮರಳು. ಅದಕ್ಕೂ ಕೋರ್ಟು. ಅದಿರಲಿ, ಒಂದು ಬೇಲಿಯ ಆಚೀಚೆ ಇರುವ ಎರಡು ತೋಟಗಳೇ ಲೆಕ್ಕ ಮುಚ್ಚಿಡುತ್ತವೆ. ಕೆಳಗಿರುವ ಬಂಡೆಯ ಬಿರುಕು ಒಂದೇ, ಅದರಲ್ಲಿರುವ ನೀರೂ ಒಂದೇ. ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸುವವರೂ ಒಬ್ಬರೇ!

ಇಲ್ಲಿಯವರೇನು ಹುಟ್ಟಾ ಒಳ್ಳೆಯವರಾ? ಒಪ್ಪಲು ಮನಸ್ಸಿಲ್ಲ, ಆದರೂ ಹೇಳಬೇಕು. 1986ರ ನವೆಂಬರ್ 1. ಕೋಲಾರದಲ್ಲಿ ನಾವು ಬಾವುಟ ಹಾರಿಸಿ ಪೆಪ್ಪರಮೆಂಟು ತಿಂದ ದಿನ. ಅವತ್ತು ಬಾಸೆಲ್ ಪಕ್ಕದ ಕೀಟನಾಶಕದ ಗೋದಾಮಿಗೆ ಬೆಂಕಿ ಬಿತ್ತು. ಆರಿಸಿದ ನೀರೆಲ್ಲ ವಿಷ ಹೊತ್ತು ನದಿ ಸೇರಿತು. ರೈನ್ ಕೆಂಪಾಯಿತು, ಹಾವುಮೀನುಗಳು ರಾಶಿ ರಾಶಿ ಸತ್ತವು. ಕೆಳಗಿನ ದೇಶಗಳಿಗೆ ಸುದ್ದಿ ಮುಟ್ಟಿದ್ದೂ ತಡವಾಗಿಯೇ. ವೈಲ್‌ನ ಕೇಂದ್ರ ಶುರುವಾಗಿದ್ದು ಆಮೇಲೆ, 1993ರಲ್ಲಿ.

ನಮ್ಮ ಕೆರೆಗೂ ನೀರಗಂಟಿ ಇದ್ದರು. ತೂಬು ಎತ್ತಿದರೆ ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ಅಚ್ಚುಕಟ್ಟಿಗೆಲ್ಲ ಗೊತ್ತಿರುತ್ತಿತ್ತು. ಬೋರ್ ಲಾರಿ ಬಂದ ಮೇಲೆ ಅವರನ್ನು ಕೇಳುವವರಿಲ್ಲ.

ನಿನ್ನೆ ಮಾವನ ವಾಟ್ಸಾಪ್ ಕಾಲ್. ಊಟ, ಚಳಿ, ಮಕ್ಕಳು ಎಲ್ಲ ಆಯಿತು. "ಏನಪ್ಪಾ, ನಿಮ್ಮ ತಮ್ಮಂದು ಎಷ್ಟಡಿ ಹೋಯ್ತಂತೆ?"

"900 ಅಂತೆ ಮಾವ," ಅಂದೆ.