ಲ್ಯಾಪ್ಲಾಸ್ ಎಷ್ಟು ಕೆಜಿ?

ಎಂಜಿನಿಯರಿಂಗ್ ಮೂರನೇ ಸೆಮಿಸ್ಟರ್‌ನಲ್ಲಿ ನಾನು ಓದಿದ್ದಕ್ಕಿಂತ ಓದಬೇಕಾದ್ದರ ಪಟ್ಟಿ ಬರೆದಿದ್ದೇ ಜಾಸ್ತಿ. ನಾಲ್ಕು ಬಣ್ಣದ ಪೆನ್ನು, ಸ್ಕೇಲು, ಪ್ರತಿ ಸಾಲಿನ ಮುಂದೆ ಟಿಕ್ ಹಾಕಲು ಒಂದು ಚೌಕ. ಚೌಕ ಸೊಟ್ಟಗಾದರೆ ಹಾಳೆ ಹರಿದು ಮತ್ತೆ ಮೊದಲಿಂದ. ಪಟ್ಟಿ ಮುಗಿಯುವಷ್ಟರಲ್ಲಿ ಹನ್ನೊಂದು ಗಂಟೆ. ಇಷ್ಟು ದುಡಿದವನಿಗೆ ಒಂದು ನಿದ್ದೆ ಬೇಡ್ವಾ?

ಪರೀಕ್ಷೆಗೆ ಓದಲು ಅಂತ ರಜೆ ಕೊಟ್ಟಾಗ ಊರಿಗೆ ಹೋಗಿದ್ದೆ. ಅಮ್ಮ ದಿನಸಿ ಚೀಟಿ ಬರೆದು ನನ್ನ ಮೇಜಿನ ಮೇಲಿಟ್ಟಿದ್ದಳು. ಅಲ್ಲೇ ಲ್ಯಾಪ್ಲಾಸ್, ಫೋರಿಯರ್ ಅಂತ ಗಣಿತದ ಪಾಠಗಳ ಹೆಸರು ಬರೆದಿದ್ದ ನನ್ನ ಓದಿನ ಚೀಟಿಯೂ ಇತ್ತು, ಎರಡೂ ಒಂದೇ ನೋಟ್‌ಬುಕ್ಕಿಂದ ಹರಿದಿದ್ದು. ಕೈಗೆ ಸಿಕ್ಕಿದ್ದನ್ನು ಜೇಬಿಗೆ ತುರುಕಿಕೊಂಡು ಹೋಗಿ ಅಂಗಡಿಯವರ ಕೈಗಿಟ್ಟೆ. ಅವರು ಕನ್ನಡಕ ಏರಿಸಿ, ಸಂಜೆಯ ಗಿರಾಕಿಗಳೆಲ್ಲ ಕೇಳುವ ಹಾಗೆ ಓದಿದರು. "ಗಣಿತ. ಲ್ಯಾಪ್ಲಾಸ್. ಫೋರಿಯರ್. ಲ್ಯಾಬ್ ರೆಕಾರ್ಡ್." ಆಮೇಲೆ ಗಂಭೀರವಾಗಿ ಕೇಳಿದರು: "ಲ್ಯಾಪ್ಲಾಸ್ ಅಂದ್ರೆ ಹೊಸ ಸೋಪಾ? ಎಷ್ಟು ಕೊಡ್ಲಿ? ಎಷ್ಟು ಅಂತ ಬರೆದೇ ಇಲ್ವಲ್ಲ!"

ಫೋನ್ ಮಾಡಿದರೆ ಅಮ್ಮ ಚೀಟಿ ನೋಡದೆಯೇ ಶುರು ಮಾಡಿದಳು: ತೊಗರಿಬೇಳೆ 2 ಕೆಜಿ, ಸಾಸಿವೆ 100 ಗ್ರಾಂ, ರವೆ 1 ಕೆಜಿ, ಯಾವುದಕ್ಕೂ ಇರ್ಲಿ ಇನ್ನೊಂದರ್ಧ.

ದಾರಿಯುದ್ದಕ್ಕೂ ಆ ಅಂಗಡಿಯವರ ಮಾತೇ ಕೊರೆಯುತ್ತಿತ್ತು. ಅಮ್ಮ ಯಾವತ್ತಾದರೂ ಚೀಟಿಯಲ್ಲಿ "ಅಡುಗೆ" ಅಂತ ಬರೆದು ಕೊಟ್ಟಿದ್ದಾಳಾ? ನಾನು ಮಾತ್ರ "ಗಣಿತ" ಅಂತ ಬರೆದಿದ್ದೆ. ನಮ್ಮ ವಿಶ್ವವಿದ್ಯಾಲಯ ವಿಟಿಯುವಿನ ಗಣಿತದ ಪ್ರಶ್ನೆಪತ್ರಿಕೆಯಲ್ಲಿ ಐದು ಮಾಡ್ಯೂಲ್, ಅಂದರೆ ಐದು ಭಾಗ, ಒಂದೊಂದಕ್ಕೆ 20 ಅಂಕ, ಅಂದರೆ ನನ್ನ ಆ ಒಂದು ಪುಟ್ಟ ಚೌಕದೊಳಗೆ ಐದು ಮೂಟೆ ತುಂಬಿಸಿ ಸಂಜೆಯೊಳಗೆ ಟಿಕ್ ಹಾಕುತ್ತೇನೆ ಅಂತ ಕೂತಿದ್ದೆ!

ಅಮ್ಮನ ಆ "ಯಾವುದಕ್ಕೂ ಇರ್ಲಿ" ಎಷ್ಟು ದೊಡ್ಡ ಮಾತು ಅಂತ ಗೊತ್ತಾಗಿದ್ದು ತಡವಾಗಿ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕೊನೇ ವರ್ಷದ ಥೀಸಿಸ್ ಬರೆಯುತ್ತಿದ್ದ ಸೈಕಾಲಜಿ ವಿದ್ಯಾರ್ಥಿಗಳನ್ನು ಎಷ್ಟು ದಿನ ಬೇಕು ಅಂತ ಕೇಳಿದ್ದರು. ಸರಾಸರಿ 34 ದಿನ ಅಂದರು. ಎಲ್ಲವೂ ಕೈಕೊಟ್ಟರೆ? 49. ನಿಜವಾಗಿ ಹಿಡಿದದ್ದು ಸುಮಾರು 55. ಓದಿ ಸಮಾಧಾನವಾಯಿತು, ನನ್ನ ಜಾತಿಯವರು ಎಲ್ಲಾ ಕಡೆ ಇದ್ದಾರೆ.

ಅಂಗಡಿಯಿಂದ ಬಂದ ಅವತ್ತು ರಾತ್ರಿ ಓದಿನ ಪಟ್ಟಿಯನ್ನು ದಿನಸಿ ಚೀಟಿ ಥರವೇ ಬರೆದೆ. ಲ್ಯಾಪ್ಲಾಸ್ 4 ಲೆಕ್ಕ, ಹಳೇ ಪ್ರಶ್ನೆಪತ್ರಿಕೆಯಿಂದ, ತಿಂಡಿಗೆ ಮುಂಚೆ. ಫೋರಿಯರ್ 2, ಬರೀ ಹಾಫ್ ರೇಂಜ್ ಅನ್ನೋ ಬಗೆಯ ಲೆಕ್ಕ. ಯಾವುದಕ್ಕೂ ಇರ್ಲಿ ಅಂತ ಸಂಜೆ ಒಂದು ಗಂಟೆ ಖಾಲಿ. ಒಂದೇ ಪೆನ್ನು, ಚೌಕ ಇಲ್ಲ. ಮಾರನೇ ದಿನ ಮೂರು ಲೆಕ್ಕ ಆಯ್ತು, ನಾಲ್ಕನೆಯದು ಖಾಲಿ ಗಂಟೆಗೆ ಜಾರಿತು, ಆ ಖಾಲಿ ಗಂಟೆಯಲ್ಲಿ ಕರೆಂಟ್ ಹೋಯ್ತು.

ಗಣಿತ ಹೇಗೋ ಪಾಸಾಯಿತು. ಆದರೆ ಈಗಲೂ ಊರಿಗೆ ಹೋದಾಗ ಆ ಅಂಗಡಿಯವರು ನನ್ನನ್ನು ನೋಡಿದ ಕೂಡಲೇ ಕೂಗುತ್ತಾರೆ: "ಲ್ಯಾಪ್ಲಾಸ್ ಇನ್ನೂ ಬಂದಿಲ್ಲ ಕಣಪ್ಪ, ಸಾಸಿವೆ ಕೊಡ್ಲಾ?"